ಅಜ್ಜಿ ತಾತಂದಿರ ಬದುಕನ್ನು ಕೇಳಿ ತಿಳಿಯುವ ಬಗೆ: ಮಂಡ್ಯ–ಮೈಸೂರು ಸೀಮೆಯ ಮೊಮ್ಮಕ್ಕಳಿಗೆ

ಮನೆಯ ಹಿರಿಯರ ಎದುರು ಕುಳಿತು "ನಿನ್ನ ಜೀವನದ ಬಗ್ಗೆ ಏನಾದರೂ ಹೇಳಜ್ಜಿ" ಎಂದರೆ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ನಂದೇನದೆ ಮಗ ಹೇಳೋಕೆ, ಕಷ್ಟಪಟ್ಟೊ, ನಿಮ್ಮಪ್ಪನ್ನ ಸಾಕುದೊ, ಅಷ್ಟೆಯ." ಇದು ಮುಚ್ಚುಮರೆಯಲ್ಲ. ಇಡೀ ಬದುಕನ್ನು ಒಂದು ಕಥೆಯಾಗಿ ಜೋಡಿಸಿ ಹೇಳುವ ರೂಢಿ ಆ ತಲೆಮಾರಿನವರಿಗೆ ಇಲ್ಲ, ಹಾಗೆ ಅವರನ್ನು ಯಾರೂ ಕೇಳಿದವರೂ ಇಲ್ಲ. ಅದೇ ಅಜ್ಜಿಯನ್ನು "ನಿನ್ನ ತವರಲ್ಲಿ ಕುಡಿಯೋ ನೀರು ಎಲ್ಲಿಂದ ತರ್ತಿದ್ರಿ?" ಎಂದು ಕೇಳಿ ನೋಡಿದರೆ ಬಾವಿ, ಹಗ್ಗ, ಬಿಂದಿಗೆ, ಬಾವಿಗೆ ಯಾರು ಇಳಿಯಬಹುದಿತ್ತು ಮತ್ತು ಯಾರು ದೂರ ನಿಂತು ನೀರು ಹೊಯ್ಯಿಸಿಕೊಳ್ಳಬೇಕಿತ್ತು ಎಂಬುದೆಲ್ಲ ಒಂದರ ಹಿಂದೊಂದು ಬರುತ್ತದೆ. ಅವರ ಮೌಲ್ಯಗಳನ್ನು ತಿಳಿಯುವ ದಾರಿಯೂ ಇದೇ. ಅಭಿಪ್ರಾಯ ಕೇಳಿದರೆ ಊರೆಲ್ಲ ಒಪ್ಪಿದ ನೀತಿಮಾತು ಸಿಗುತ್ತದೆ. ಇಂಥ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ಅವರು ನಿಜವಾಗಿ ಯಾವುದಕ್ಕೆ ಬೆಲೆ ಕೊಟ್ಟರು ಎಂಬುದು ತಿಳಿಯುತ್ತದೆ.

ಪ್ರಶ್ನೆಗಳಿಗಿಂತ ಮೊದಲು ಕಿವಿಯನ್ನು ವಿಚಾರಿಸಬೇಕು. ಹಠಮಾರಿ, ಮರೆಗುಳಿ, ಯಾವುದಕ್ಕೂ ಸರಿಯಾಗಿ ಉತ್ತರ ಕೊಡುವುದಿಲ್ಲ ಎಂದು ಮನೆಯವರು ತೀರ್ಮಾನಿಸಿರುವ ಹಿರಿಯರಲ್ಲಿ ಕೆಲವರಿಗೆ ಕಿವಿ ಮಂದವಾಗಿರುತ್ತದೆ, ಅಷ್ಟೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ಈ ಸೀಮೆಯವರಿಗೆ ಅದು ಕೈಗೆಟುಕುವ ದೂರದಲ್ಲೇ ಇದೆ. ಪರೀಕ್ಷೆ ಮಾಡಿಸಲಾಗದಿದ್ದರೂ ಅವರ ಯಾವ ಕಿವಿ ಚುರುಕಾಗಿದೆಯೋ ಆ ಬದಿಗೆ ಕುಳಿತು, ಟಿ.ವಿ. ಆರಿಸಿ, ಕಿರುಚದೆ ನಿಧಾನವಾಗಿ ಮಾತಾಡಿದರೆ ಅರ್ಧ ಕೆಲಸ ಆದಂತೆ. ಹಬ್ಬದ ದಿನ, ನೆಂಟರು ತುಂಬಿದ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ನಾಲ್ಕು ಜನರ ಮುಂದೆ ಹಿರಿಯರು ತಮಾಷೆಯ ಕಥೆ ಹೇಳುತ್ತಾರೆಯೇ ಹೊರತು ತಮ್ಮ ಕಥೆಯನ್ನಲ್ಲ. ಹಾಗೆಯೇ ಮನೆಯಲ್ಲಿ ಏಕವಚನದಲ್ಲಿ ಮಾತಾಡಿಸುವ ರೂಢಿಯಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಇದ್ದಕ್ಕಿದ್ದಂತೆ "ತಾವು" ಎಂದು ಶುರುಮಾಡಿದರೆ ಜನಗಣತಿಗೆ ಬಂದವರ ಮುಂದೆ ಕುಳಿತಂತೆ ಬಿಗಿಯಾಗಿಬಿಡುತ್ತಾರೆ.

ಕಾಲದ ಲೆಕ್ಕ ಮೊದಲು ಸರಿಯಾಗಬೇಕು. ಎಂಬತ್ತು ದಾಟಿದವರ ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನಾಂಕವನ್ನು ನಂಬಿ ಹೊರಟರೆ ದಾರಿ ತಪ್ಪುವುದೇ ಹೆಚ್ಚು, ಏಕೆಂದರೆ ಶಾಲೆಗೆ ಸೇರಿದವರಿಗೆ ಮೇಷ್ಟ್ರು ಅಂದಾಜಿನಲ್ಲಿ ಬರೆದ ದಿನವೇ ಗಟ್ಟಿಯಾಯಿತು, ಸೇರದವರಿಗೆ ನಂತರ ಯಾವುದೋ ಕಾರ್ಡು ಮಾಡಿಸುವಾಗ ಯಾರೋ ಊಹಿಸಿದ್ದು ಉಳಿಯಿತು. ಆದರೆ ಹಲವರಿಗೆ ತಾವು ಹುಟ್ಟಿದ ಸಂವತ್ಸರದ ಹೆಸರು ನೆನಪಿರುತ್ತದೆ, ಅಥವಾ ಜಾತಕದಲ್ಲಿ ಬರೆದಿರುತ್ತದೆ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಶುರುವಾಯಿತು, ಮತ್ತೆ 1987ರಲ್ಲಿ ಬಂತು. ಅಜ್ಜಿ ಹುಟ್ಟಿದ್ದು ತಾರಣದಲ್ಲಿ ಎಂದರೆ ಅದು ಹದಿನೆಂಟನೆಯದು. 1927ಕ್ಕೆ ಹದಿನೇಳು ಕೂಡಿಸಿದರೆ 1944ರ ಯುಗಾದಿಯಿಂದ 1945ರ ಯುಗಾದಿಯವರೆಗಿನ ಅವಧಿ ಸಿಗುತ್ತದೆ. ಪ್ರಮಾಥಿ ಮತ್ತು ಪ್ರಮಾದಿ ಎಂಬೆರಡು ಹೆಸರುಗಳು ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಮೊದಲನೆಯದು 1939, ಎರಡನೆಯದು 1973, ಆದ್ದರಿಂದ ಎದುರಿಗಿರುವ ಮುಖ ನೋಡಿದರೆ ಗೊಂದಲ ಬೇಗ ಬಗೆಹರಿಯುತ್ತದೆ. ತಿಂಗಳು ಗೊತ್ತಿಲ್ಲದವರು ಮಳೆ ನಕ್ಷತ್ರ ಹೇಳುತ್ತಾರೆ: ಆರಿದ್ರೆ ಮಳೆ ಹಿಡಿದಾಗ ಹುಟ್ಟಿದ ಮಗು ಎಂದರೆ ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದ ಒಳಗೆ.

ಸಂವತ್ಸರವೂ ಸಿಗದಿದ್ದರೆ ಊರು ಮರೆಯದ ಘಟನೆಗಳನ್ನು ಗೂಟಗಳಾಗಿ ಇಟ್ಟುಕೊಳ್ಳಬೇಕು. ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲ್‌ನಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ 1947ರಲ್ಲಿ. ಇವು ಈಗಿನ ಹಿರಿಯರಿಗೆ ಅಪ್ಪ ಅಮ್ಮನಿಂದ ಕೇಳಿದ ಮಾತು ಅಥವಾ ತೀರ ಎಳೆಯ ನೆನಪು. ನೆನಪಿಗೆ ಚೆನ್ನಾಗಿ ನಿಲುಕುವುದು ಆಮೇಲಿನದು. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. "ನಯಾಪೈಸೆ ಬಂದಾಗ ನಿನಗೆ ಮದುವೆ ಆಗಿತ್ತಾ?" ಎಂಬ ಪ್ರಶ್ನೆಗೆ ಉತ್ತರ ತಪ್ಪುವುದು ಕಡಿಮೆ, ಏಕೆಂದರೆ ಸಂತೆಯಲ್ಲಿ ಹದಿನಾರಾಣೆಯನ್ನು ನೂರು ಪೈಸೆಗೆ ಹೊಂದಿಸಿ ಚಿಲ್ಲರೆ ಲೆಕ್ಕ ಹಾಕಲು ಪರದಾಡಿದ್ದು ಎಲ್ಲರಿಗೂ ನೆನಪಿದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1, ಜಯಚಾಮರಾಜ ಒಡೆಯರು ತೀರಿಕೊಂಡದ್ದು 1974, ಕಾವೇರಿ ಗಲಾಟೆ 1991. ಇವುಗಳ ನಡುವೆ ಮದುವೆ, ಹೆರಿಗೆ, ಮನೆ ಕಟ್ಟಿದ್ದು, ಪಾಲಾದದ್ದು ಎಲ್ಲವನ್ನೂ ಹಿಂದು ಮುಂದು ಎಂದಷ್ಟೇ ಜೋಡಿಸಿಕೊಂಡರೆ ಸಾಕು. ಇಸವಿಯನ್ನು ನೇರವಾಗಿ ಕೇಳಿದರೆ ಹಿರಿಯರು ನಿಮಗೆ ಬೇಸರವಾಗದಿರಲೆಂದು ಯಾವುದೋ ಒಂದನ್ನು ಹೇಳಿಬಿಡುತ್ತಾರೆ.

ಮಂಡ್ಯ ಸೀಮೆಯಲ್ಲಿ ಒಬ್ಬ ಅಜ್ಜಿಯನ್ನು ಅರ್ಥಮಾಡಿಕೊಳ್ಳಲು ಅತಿ ಮುಖ್ಯವಾದ ಪ್ರಶ್ನೆ ಯಾವುದೆಂದು ನನ್ನನ್ನು ಕೇಳಿದರೆ, ಆಕೆ ನಾಲೆಯ ಯಾವ ಕಡೆ ಹುಟ್ಟಿ ಯಾವ ಕಡೆಗೆ ಮದುವೆಯಾಗಿ ಬಂದರು ಎಂಬುದೇ. ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟೆಯ, ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿಯಿತು. ಇರ್ವಿನ್ ನಾಲೆಯೆಂದು ಹೆಸರಿಟ್ಟು ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಮಂಡ್ಯ, ಮದ್ದೂರಿನ ಬಯಲುಗಳಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಕಬ್ಬಿಗೆ ಕಾರ್ಖಾನೆ ಸಿಕ್ಕಿತು. ನಾಗಮಂಗಲದಂಥ ಕಡೆಗಳ ಹೊಲಗಳು ಮಾತ್ರ ಮಳೆಯನ್ನೇ ನಂಬಿಕೊಂಡು ಉಳಿದವು. ಖುಷ್ಕಿ ಊರಿನ ಹುಡುಗಿ ನಾಲೆ ಬಯಲಿನ ಮನೆಗೆ ಸೊಸೆಯಾಗಿ ಬಂದಾಗ ಬದಲಾದದ್ದು ಮನೆ ಮಾತ್ರವಲ್ಲ. ಹೊತ್ತು ಹುಟ್ಟುವ ಮುಂಚೆ ರಾಗಿಕಲ್ಲಿನ ಮುಂದೆ ಕೂರುತ್ತಿದ್ದವಳು ನಾಟಿಯ ಕೆಸರಿಗೆ ಇಳಿದಳು, ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು, ಕೈಯಲ್ಲಿ ದುಡ್ಡು ಕಾಣುವ ಹೊತ್ತು ಸುಗ್ಗಿಯಿಂದ ಕಬ್ಬಿನ ಕಟಾವಿಗೆ ಸರಿಯಿತು. ಅಂಥ ಅಜ್ಜಿ ಇಂದಿಗೂ ತಟ್ಟೆಯಲ್ಲಿ ಒಂದಗುಳು ಬಿಟ್ಟರೆ ಸಿಡುಕುತ್ತಾರೆ ಎಂದರೆ, ಅದನ್ನು ಜಿಪುಣತನವೆಂದು ಓದುವುದಕ್ಕಿಂತ ಆಕೆಯ ತವರಿನಲ್ಲಿ ಅನ್ನಕ್ಕಿದ್ದ ಸ್ಥಾನವನ್ನು ಕೇಳಿ ತಿಳಿಯುವುದು ಸರಿ. ಕಟ್ಟೆಯ ಹಿನ್ನೀರಿನಲ್ಲಿ ಊರು ಮುಳುಗಿ ಬೇರೆ ಕಡೆಗೆ ಬಂದು ನೆಲೆಸಿದ ಮನೆತನಗಳಿಗೆ ಇದೇ ಕಟ್ಟೆಯ ಕಥೆ ಇನ್ನೊಂದು ಬಗೆಯದು. ನಿಮ್ಮದು ಅಂಥ ಮನೆಯಾದರೆ ಮುಳುಗಿದ ಊರಿನ ದೇವರು ಈಗ ಎಲ್ಲಿದೆ, ವರ್ಷಕ್ಕೊಮ್ಮೆಯಾದರೂ ಯಾರು ಹೋಗಿ ಪೂಜೆ ಮಾಡಿಸುತ್ತಾರೆ ಎಂಬಲ್ಲಿಂದ ಆರಂಭಿಸಬಹುದು.

ಕಾಳು ಕೂಡಿಡುವ ಬಗೆಯನ್ನೂ ಕೇಳಬೇಕು. ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದವು. ತೆಗೆಯುವ ದಿನ ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು ಆಮೇಲೆ ಆಳನ್ನು ಇಳಿಸುತ್ತಿದ್ದರು. ಯಾವ ವರ್ಷ ಹಗೇವು ತೆಗೆದರು, ಆಗ ಯಾರಿಗೆಲ್ಲ ಕಡ ಕೊಟ್ಟರು, ಯಾರಿಗೆ ಕೊಡಲಿಲ್ಲ, ಕೊಟ್ಟದ್ದು ವಾಪಸು ಬಂತೇ ಎಂಬ ಪ್ರಶ್ನೆಗಳಲ್ಲಿ ಆ ಮನೆಯ ಧರ್ಮ ಕರ್ಮ ಎರಡೂ ಬಿಚ್ಚಿಕೊಳ್ಳುತ್ತವೆ. ಹಗೇವು ಇದ್ದ ಮನೆಯ ಅಜ್ಜಿಗೂ, ಆ ಮನೆಯ ಮುಂದೆ ಮೊರ ಹಿಡಿದು ನಿಂತ ಅಜ್ಜಿಗೂ ಒಂದೇ ಪ್ರಶ್ನೆಪಟ್ಟಿ ಸಾಲದು ಎಂಬುದನ್ನು ನೆನಪಿಟ್ಟುಕೊಳ್ಳಿ.

ಮಾತಿಗೆ ಕೂರುವುದಕ್ಕಿಂತ ಕೆಲಸಕ್ಕೆ ಜೊತೆಯಾಗುವುದು ಒಳ್ಳೆಯದು. ಅವರೆಕಾಯಿ ಕಾಲದಲ್ಲಿ ಕಾಯಿ ಬಿಡಿಸಲು, ನೆನೆಹಾಕಿದ ಕಾಳು ಹಿತುಕಲು ಅಜ್ಜಿಯ ಪಕ್ಕ ಕುಳಿತರೆ ಕೈ ಅದರ ಪಾಡಿಗೆ ನಡೆಯುತ್ತದೆ, ಕಣ್ಣು ಕಾಳಿನ ಮೇಲಿರುತ್ತದೆ, ಮುಖ ನೋಡಿ ಹೇಳಲಾಗದ ಮಾತು ಹೊರಗೆ ಬರುತ್ತದೆ. ತಾತನಾದರೆ ಗದ್ದೆ ಬದುವಿನ ಮೇಲೆ ನಡೆಯುತ್ತಲೇ ಮಾತಾಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹದಲ್ಲಿ ಕಾಣುವಂಥ ಒರಳು, ಕಾಳು ತುಂಬಿಡುವ ವಾಡೆ, ಬಿತ್ತುವ ಕೂರಿಗೆಗಳು ನಿಮ್ಮದೇ ಹಿತ್ತಲಿನಲ್ಲೋ ಅಟ್ಟದ ಮೇಲೋ ಬಿದ್ದಿರಬಹುದು. ಒಂದನ್ನು ಹೊರಗೆ ತಂದು ಒರೆಸಲು ಶುರುಮಾಡಿದರೆ ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ. ನೀವು ಒರೆಸುತ್ತಿರುವ ರೀತಿ ಸರಿಯಿಲ್ಲ ಎಂಬಲ್ಲಿಂದಲೇ ಕಥೆ ಆರಂಭವಾಗುತ್ತದೆ.

ಟ್ರಂಕಿನಲ್ಲಿ ಹುಡುಕಬೇಕಾದ ವಸ್ತು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾವ ಊರಿನ ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಸಾಲಾಗಿ ಬರೆದ ಈ ಪುಸ್ತಕವನ್ನು ಹಳೆಯ ಲೆಕ್ಕವೆಂದು ಬಿಸಾಡುವವರೇ ಹೆಚ್ಚು. ಒಂದೊಂದೇ ಹೆಸರು ಗಟ್ಟಿಯಾಗಿ ಓದಿ "ಇವರು ಯಾರು?" ಎಂದು ಕೇಳುತ್ತ ಹೋಗಿ. ಐದು ರೂಪಾಯಿ ಬರೆಸಿದವರು ದೂರದವರು, ಎರಡು ರೂಪಾಯಿಯವರು ಸ್ವಂತ ಸೋದರಮಾವ ಎಂದು ತಿಳಿದಾಗ ಆ ವರ್ಷ ಸೋದರಮಾವನ ಮನೆಯಲ್ಲಿ ಏನಾಗಿತ್ತು ಎಂಬ ಇನ್ನೊಂದು ಕಥೆ ಹುಟ್ಟುತ್ತದೆ. ಬಂದ ಮುಯ್ಯಿಯನ್ನು ಅವರ ಮನೆಯ ಮದುವೆಗೆ ಸ್ವಲ್ಪ ಹೆಚ್ಚು ಸೇರಿಸಿ ತೀರಿಸಲೇಬೇಕು, ತೀರಿಸದೆ ಸತ್ತರೆ ಮಕ್ಕಳು ತೀರಿಸಬೇಕು ಎಂಬ ಲೆಕ್ಕಾಚಾರ ಆ ತಲೆಮಾರಿನದು. ಕೂಲಿಯ ಬದಲು ಕೆಲಸಕ್ಕೆ ಕೆಲಸ ಕೊಡುವ ಮುಯ್ಯಾಳು ಪದ್ಧತಿಯೂ ಇದೇ ಲೆಕ್ಕದ್ದು: ಇಂದು ನಮ್ಮ ನಾಟಿಗೆ ಬಂದವರ ನಾಟಿಗೆ ನಾಳೆ ನಾವು ಹೋಗಬೇಕು. ಯಾವುದೋ ದೂರದ ಸಾವಿಗೆ ಮೈ ಸರಿಯಿಲ್ಲದಿದ್ದರೂ ತಾತ ಬಸ್ಸು ಹತ್ತಿ ಹೊರಟಾಗ ಮನೆಯವರು "ಈ ವಯಸ್ಸಲ್ಲಿ ಯಾಕೆ ಬೇಕಿತ್ತು" ಎನ್ನುತ್ತಾರಲ್ಲ, ಅದಕ್ಕೆ ಉತ್ತರ ಆ ಪುಸ್ತಕದ ಯಾವುದಾದರೊಂದು ಪುಟದಲ್ಲಿ ಇರುವ ಸಾಧ್ಯತೆ ದೊಡ್ಡದು.

ಜಮೀನಿನ ವಿಷಯಕ್ಕೆ ಎಚ್ಚರದಿಂದ ಹೋಗಬೇಕು. ಪಹಣಿ, ಕ್ರಯಪತ್ರ, ಪಾಲುಪಟ್ಟಿಗಳಲ್ಲಿ ಮನೆತನದ ಅರ್ಧ ಚರಿತ್ರೆ ಇರುತ್ತದೆ ಎಂಬುದು ನಿಜ. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂ ಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಉಳುತ್ತಿದ್ದ ನೆಲ ಸ್ವಂತದ್ದಾದ ಮನೆಯ ತಾತನಿಗೆ ಅರಸು ದೇವರ ಸಮಾನ. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ನೆಲ ಕಳೆದುಕೊಂಡ ಮನೆಯ, ಅದರಲ್ಲೂ ವಿಧವೆಯಾಗಿ ಬೇರೆ ಆಧಾರವಿಲ್ಲದೆ ಉಳಿದ ಅಜ್ಜಿಗೆ ಅದೇ ಹೆಸರು ಕಹಿ. ನಿಮ್ಮ ಮನೆ ಯಾವ ಕಡೆಗಿತ್ತು ಎಂದು ತಿಳಿಯದೆ ಹಿರಿಯರ ರಾಜಕೀಯದ ಮಾತು ಅರ್ಥವಾಗುವುದಿಲ್ಲ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯೂ ಇಂಥದ್ದೇ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅದಕ್ಕೂ ಮೊದಲೇ ಮದುವೆಯಾಗಿ ಹೋದ ಅಜ್ಜಿ "ತವರಿನ ಆಸ್ತಿಗೆ ಕೈ ಚಾಚಬಾರದು" ಎನ್ನುವಾಗ, ಕಷ್ಟ ಬಂದರೆ ಹೋಗಿ ನಿಲ್ಲಲು ತವರಿನ ಬಾಗಿಲೊಂದೇ ಇದ್ದ ಕಾಲದ ಲೆಕ್ಕ ಅದರಲ್ಲಿದೆ. ಪಾಲು ಕೇಳಿ ಅಣ್ಣತಮ್ಮಂದಿರನ್ನು ಕಳೆದುಕೊಳ್ಳುವುದೋ, ಬಿಟ್ಟುಕೊಟ್ಟು ಬಾಗಿಲನ್ನು ಉಳಿಸಿಕೊಳ್ಳುವುದೋ ಎಂಬ ಆಯ್ಕೆಯಲ್ಲಿ ಆಕೆ ಎರಡನೆಯದನ್ನು ಆರಿಸಿಕೊಂಡಿರುತ್ತಾರೆ. ಇನ್ನೊಂದು ಮಾತು: ಮನೆಯಲ್ಲಿ ಪಾಲಿನ ತಕರಾರು ನಡೆಯುತ್ತಿದ್ದರೆ ಈ ಅಧ್ಯಾಯವನ್ನು ಮುಟ್ಟಲೇಬೇಡಿ. ಪಹಣಿ ಕೇಳುವ ಮೊಮ್ಮಗನ ಹಿಂದೆ ಅವನ ಅಪ್ಪ ಇದ್ದಾನೆಂದು ಚಿಕ್ಕಪ್ಪಂದಿರು ತಿಳಿದರೆ ಅಜ್ಜಿಯ ಬಾಯಿ ಕಟ್ಟಿಹೋಗುತ್ತದೆ.

ಮೈಸೂರು ನಗರದಲ್ಲೇ ಬೆಳೆದವರಿಗೆ ಬೇರೆ ಪ್ರಶ್ನೆಗಳು ಬೇಕು. ಹಳ್ಳಿಯಿಂದ ಓದಲು ಬಂದ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ವಾರಾನ್ನ ಉಂಡರೇ, ಅಥವಾ ತಮ್ಮ ಜಾತಿಯವರು ಕಟ್ಟಿಸಿದ ವಿದ್ಯಾರ್ಥಿನಿಲಯದಲ್ಲಿದ್ದರೇ, ಆ ಎರಡೂ ಸಿಗದೆ ಓದು ಬಿಟ್ಟರೇ? ಕೆಲಸ ಅರಮನೆಯಲ್ಲೋ, ಕೃಷ್ಣರಾಜೇಂದ್ರ ಮಿಲ್ಲಿನಲ್ಲೋ, ರೈಲ್ವೆ ವರ್ಕ್‌ಶಾಪಿನಲ್ಲೋ, ರೇಷ್ಮೆ ಕಾರ್ಖಾನೆಯಲ್ಲೋ, 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆಯಲ್ಲೋ? ಸಂಬಳದ ದಿನ ದುಡ್ಡು ಯಾರ ಕೈಗೆ ಹೋಗುತ್ತಿತ್ತು ಎಂದು ಕೇಳುವುದನ್ನು ಮರೆಯಬೇಡಿ. ಹೆಂಡತಿ, ತಾಯಿ, ಅಣ್ಣ ಅಥವಾ ಸಾಲಗಾರ, ಯಾವ ಉತ್ತರ ಬಂದರೂ ಅದರಿಂದ ಸಾಕಷ್ಟು ತಿಳಿಯುತ್ತದೆ.

ಹೇಳಲಾಗದ ಸಂಗತಿಗಳಿಗೂ ಒಂದು ಕ್ರಮವಿದೆ. ಗಂಡನ ಹೆಸರು ಹೇಳದ ಅಜ್ಜಿಯರು ಇನ್ನೂ ಇದ್ದಾರೆ. ವಂಶವೃಕ್ಷ ಬರೆಯುವಾಗ ಆ ಹೆಸರನ್ನು ಬೇರೆಯವರಿಂದ ಕೇಳಿಕೊಳ್ಳಿ, ಆಕೆಯ ಬಾಯಲ್ಲೇ ಹೇಳಿಸುವ ಚೇಷ್ಟೆ ಬೇಡ. ಮಾವನ ಹೆಸರನ್ನು ಮೊಮ್ಮಗನಿಗೆ ಇಟ್ಟಾಗ ಸೊಸೆಯಾದವಳು ಮಗುವನ್ನು ಬೇರೆ ಮುದ್ದಿನ ಹೆಸರಿನಿಂದ ಕರೆದಿರುತ್ತಾಳೆ, ಆದ್ದರಿಂದ ಒಬ್ಬರಿಗೇ ಎರಡು ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ. "ಎಷ್ಟು ಮಕ್ಕಳು?" ಎಂಬ ಪ್ರಶ್ನೆಗೆ ಬದುಕಿ ಉಳಿದವರ ಲೆಕ್ಕ ಮಾತ್ರ ಸಿಗುತ್ತದೆ. ಎಳವೆಯಲ್ಲೇ ಹೋದ ಕೂಸುಗಳ ಮಾತನ್ನು ಅಜ್ಜಿ ತಾವಾಗಿ ಎತ್ತಿದರೆ ಮಾತ್ರ ಕೇಳಿ, ಎತ್ತಿದಾಗ ಅವಸರ ಮಾಡದೆ ಪೂರ್ತಿ ಕೇಳಿ. ಆ ಕೂಸುಗಳ ಬಗ್ಗೆ ಐವತ್ತು ಅರವತ್ತು ವರ್ಷಗಳಲ್ಲಿ ಯಾರೂ ವಿಚಾರಿಸಿರುವುದಿಲ್ಲ. ಬಹಳ ಚಿಕ್ಕ ವಯಸ್ಸಿನ ಮದುವೆಯನ್ನು ಕೇಳಿ ಮುಖ ಕಿವುಚುವುದೂ ಬೇಡ: ಹಿಂದೂ ವಿವಾಹ ಕಾಯ್ದೆಯೇ 1955ರಲ್ಲಿ ಹೆಣ್ಣಿಗೆ ಹದಿನೈದು ವರ್ಷವೆಂದು ಇಟ್ಟಿತ್ತು, ಅದು ಹದಿನೆಂಟಾದದ್ದು 1978ರಲ್ಲಿ. ನಿಮ್ಮ ಮುಖ ನೋಡಿದ ಮೇಲೆ ಅವರು ಆ ಕಥೆಯನ್ನು ತಿದ್ದಿ ಹೇಳಲು ಶುರುಮಾಡುತ್ತಾರೆ.

ಜಾತಿಯ ವಿಷಯ ಎಲ್ಲಕ್ಕಿಂತ ಕಠಿಣ. ಮನೆಯ ಕೊಟ್ಟಿಗೆಯ ಸೂರಿನಲ್ಲಿ ಆಳುಗಳಿಗೆಂದು ಬೇರೆ ಲೋಟ ಸಿಕ್ಕಿಸಿಟ್ಟಿದ್ದ ಅಜ್ಜಿ, ಅದೇ ಆಳಿನ ಹೆಂಡತಿಯ ಬಾಣಂತನಕ್ಕೆ ತುಪ್ಪ ಕಳುಹಿಸಿದ್ದನ್ನು ಹೆಮ್ಮೆಯಿಂದ ಹೇಳಬಹುದು. ಎರಡನ್ನೂ ಬರೆದುಕೊಳ್ಳಬೇಕು. ಲೋಟವನ್ನು ಬಿಟ್ಟು ತುಪ್ಪವನ್ನು ಮಾತ್ರ ಬರೆದರೆ ಅದು ಹೊಗಳಿಕೆ, ಲೋಟವನ್ನಷ್ಟೇ ಬರೆದರೆ ಅದು ದೂರು. ನಿಮ್ಮ ತಾತ ಆ ಲೋಟದಲ್ಲಿ ಕುಡಿದವರಾದರೆ ಯಾರ ಮನೆ, ಯಾವ ಬಾವಿ, ಯಾವ ಗುಡಿ, ಮೊದಲು ಒಳಗೆ ಕಾಲಿಟ್ಟವರು ಯಾರು, ಊರು ಆಗ ಏನು ಮಾಡಿತು ಎಂದು ಹೆಸರು ಹಿಡಿದು ಕೇಳಿ, ಆದರೆ ಅವರು ನಿಲ್ಲಿಸಿದಲ್ಲಿಗೆ ನಿಲ್ಲಿಸಿ. ಹೇಳುವ ಹೊತ್ತಿನಲ್ಲಿ ವಾದಕ್ಕೆ ಇಳಿಯಬಾರದು, ತಲೆಯಾಡಿಸಿ ಒಪ್ಪಿದಂತೆ ನಟಿಸಲೂಬಾರದು. "ಆಗ ನೀನೇನು ಮಾಡಿದೆ ತಾತ?" ಎಂಬ ಒಂದು ಪ್ರಶ್ನೆ ಎರಡೂ ತಪ್ಪುಗಳಿಂದ ಕಾಪಾಡುತ್ತದೆ. ವಾದ ಮಾಡಲೇಬೇಕೆನಿಸಿದರೆ ಇನ್ನೊಂದು ದಿನ, ಮೊಮ್ಮಗನಾಗಿ, ಮನೆಯ ಊಟದ ಹೊತ್ತಿನಲ್ಲಿ ಮಾಡಬಹುದು; ಅದಕ್ಕೂ ಹಿರಿಯರು ಹಿಂಜರಿಯುವವರಲ್ಲ.

ಒಂದೇ ಘಟನೆಯನ್ನು ಅಜ್ಜಿ ಒಂದು ಬಗೆ, ಅವರ ತಂಗಿ ಇನ್ನೊಂದು ಬಗೆ ಹೇಳಿದರೆ ಯಾರು ಸರಿ ಎಂದು ತೀರ್ಪು ಕೊಡಲು ಹೋಗದೆ ಎರಡನ್ನೂ ಅವರವರ ಹೆಸರಿನಲ್ಲಿ ಬರೆದಿಡಿ. ನೆನಪು ಕೆಡುತ್ತಿರುವ ಹಿರಿಯರನ್ನಂತೂ "ಇದು ಯಾರು ಹೇಳು ನೋಡೋಣ" ಎಂದು ಪರೀಕ್ಷಿಸಲೇಬಾರದು. ಇತ್ತೀಚಿನದು ಅಳಿಸಿಹೋದ ಮೇಲೂ ರಾಗಿ ಬೀಸುವ ಪದ, ಸೋಬಾನೆ, ಸಂತೆಯ ದಾರಿಯಲ್ಲಿ ಸಿಗುವ ಊರುಗಳ ಸಾಲು ಬಹಳ ದಿನ ಉಳಿದಿರಬಹುದು, ಅಲ್ಲಿಂದ ಆರಂಭಿಸಿ. ತೀರಿಹೋದ ಅಣ್ಣನನ್ನು ಬದುಕಿರುವಂತೆ ಮಾತಾಡಿದರೆ ತಿದ್ದದೆ "ಆಮೇಲೆ?" ಎನ್ನುವುದು ಮೇಲು.

ಮೊಬೈಲಿನಲ್ಲಿ ಧ್ವನಿ ಮಾತ್ರ ದಾಖಲಿಸಿದರೆ ಸಾಕು. ವಿಡಿಯೊ ಎಂದ ಕೂಡಲೇ ಅಜ್ಜಿ ಸೀರೆ ಬದಲಿಸಲು ಏಳುತ್ತಾರೆ. ದಾಖಲಿಸುತ್ತಿರುವುದನ್ನು ಹೇಳಿಯೇ ಮಾಡಿ, ನಡುವೆ ಕರೆ ಬಂದು ನಿಲ್ಲದಂತೆ ಏರೋಪ್ಲೇನ್ ಮೋಡಿಗೆ ಹಾಕಿ, ಕಡತಕ್ಕೆ ದಿನಾಂಕ, ಊರು, ವಿಷಯವನ್ನು ಸೇರಿಸಿ ಅಂದೇ ಹೆಸರಿಡಿ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. "ಬಂದೊ, ಹೋದೊ" ಎಂದದ್ದು ಹಾಗೆಯೇ ಇರಲಿ. ಮನೆಯವರ ವಾಟ್ಸಾಪ್ ಗುಂಪಿಗೆ ತುಣುಕುಗಳನ್ನು ಹಾಕುವ ಆಸೆ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳಿ, ಏಕೆಂದರೆ ಅಜ್ಜಿ ನಿಮ್ಮೊಬ್ಬರಿಗೆ ಹೇಳಿದ್ದು ಅತ್ತೆಯ ಮನೆಯವರಿಗೆ ಸಂಜೆಯೊಳಗೆ ತಲುಪಿದರೆ ಮರುದಿನದ ಮಾತು ಅಲ್ಲಿಗೇ ಮುಗಿಯಿತು. ಬರೆದದ್ದನ್ನು ಅವರಿಗೇ ಓದಿ ಹೇಳಿ. ಅವರು ತಿದ್ದುತ್ತಾರೆ, ಹೊಸದನ್ನು ಸೇರಿಸುತ್ತಾರೆ, ಕೆಲವನ್ನು ಹೊಡೆದು ಹಾಕು ಎನ್ನುತ್ತಾರೆ. ಹೊಡೆದು ಹಾಕು ಎಂದದ್ದನ್ನು ಬೇರೆ ಕಡೆ ಉಳಿಸಿಕೊಳ್ಳದೆ ಅವರ ಎದುರಿಗೇ ಅಳಿಸಿಬಿಡಿ.